ಗಾಜಿನ ನಳಿಕೆಯ ಇಪ್ಪತ್ತು ನಿಮಿಷ: ರಾಯಚೂರು ಸೀಮೆಯ ಹಾವು ಕಡಿತ ಮತ್ತು ಶಸ್ತ್ರಚಿಕಿತ್ಸೆಯ ನಿರ್ಧಾರ

ವಿಷದ ಹಾವು ಕಡಿದು ಬಾತುಕೊಂಡ ಕಾಲನ್ನು ಕೊಯ್ದು ಒಳಗಿನ ಒತ್ತಡ ಇಳಿಸಬೇಕೆ, ಬೇಡವೆ? ಇದು ಆಪರೇಷನ್ ಥಿಯೇಟರಿನಲ್ಲಿ ತೀರ್ಮಾನವಾಗುವ ಪ್ರಶ್ನೆಯೆಂದು ವೈದ್ಯಲೋಕ ಬಹುಕಾಲ ನಂಬಿತ್ತು. ರಾಯಚೂರು ಜಿಲ್ಲೆಯ ಮಟ್ಟಿಗೆ ಆ ತೀರ್ಮಾನದ ಬಹುಭಾಗ ಅದಕ್ಕೂ ಮುಂಚೆ, ಹತ್ತಿರದ ಆರೋಗ್ಯ ಕೇಂದ್ರದ ಒಂದು ಗಾಜಿನ ನಳಿಕೆಯಲ್ಲಿ ಆಗಬೇಕು ಎಂಬುದು ಈ ಲೇಖನದ ವಾದ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಆ ನಳಿಕೆಯ ಪರೀಕ್ಷೆಯನ್ನು ನೆಚ್ಚಿಕೊಂಡರೆ ಪ್ರತಿವಿಷ ಕೊಡುವುದು ತಡವಾಗುತ್ತದೆ ಎಂದು ಜೆಫ್ರಿ ಇಸ್ಬಿಸ್ಟರ್ ಮತ್ತು ಸಂಗಡಿಗರು 2013ರಲ್ಲಿ ಶ್ರೀಲಂಕಾದ ರೋಗಿಗಳನ್ನು ಆಧರಿಸಿ ಬರೆದರು. ಅವರ ಅಂಕಿಗಳನ್ನು ಒಪ್ಪುತ್ತೇನೆ. ಅವುಗಳ ಬಲದ ಮೇಲೆ ಪರೀಕ್ಷೆಯನ್ನೇ ಕೈಬಿಡಬೇಕೆನ್ನುವುದನ್ನು ಒಪ್ಪಲಾರೆ.

ಸರ್ವಸಮ್ಮತವಾದ ಸಂಗತಿಗಳನ್ನು ಮೊದಲು ಹೇಳಿಬಿಡಬಹುದು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಮರುತಿಂಗಳೇ ಬಂದ ರಾಷ್ಟ್ರೀಯ ಕ್ರಿಯಾಯೋಜನೆ 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು.

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಊರು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೂ ಭತ್ತ ತಂದವು. ಭತ್ತದ ಜೊತೆ ಇಲಿ ಬಂತು, ಇಲಿಯ ಹಿಂದೆ ಹಾವು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವ ರೈತನ ಕಾಲು, ಹತ್ತಿ ಬಿಡಿಸುವ ಹೆಣ್ಣುಮಗಳ ಕೈ ಮೊದಲು ಅಪಾಯಕ್ಕೆ ಸಿಗುತ್ತವೆ. ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ದೇವದುರ್ಗದಿಂದ ಐವತ್ತು ಕಿಲೋಮೀಟರಿಗೂ ದೂರ. ಅಮೆರಿಕದಲ್ಲಿ 1983ರಲ್ಲಿ ಸಂಘ ಕಟ್ಟಿಕೊಂಡು ಬೆಳೆದ ವನ್ಯಪ್ರದೇಶ ವೈದ್ಯಶಾಸ್ತ್ರ ಪರ್ವತಾರೋಹಿಗಳನ್ನೂ ಚಾರಣಿಗರನ್ನೂ ಮನಸ್ಸಿನಲ್ಲಿಟ್ಟುಕೊಂಡದ್ದು. ಆದರೆ ಅದರ ಮೂಲ ಪ್ರಶ್ನೆ ಕಾಡಿನದಲ್ಲ, ಹೊತ್ತಿನದು: ಪೂರ್ಣ ಚಿಕಿತ್ಸೆ ದೂರವಿರುವಾಗ ಕೈಯಲ್ಲಿದ್ದುದರಿಂದ ಏನು ಮಾಡಬೇಕು? ಆ ಅಳತೆಯಲ್ಲಿ ಗೂಗಲ್ ಹೊಲವೂ ಆ ಶಾಸ್ತ್ರದ ವ್ಯಾಪ್ತಿಗೇ ಬರುತ್ತದೆ.

ಇನ್ನು ವಿವಾದಕ್ಕೆ ಬರೋಣ. 1970ರ ದಶಕದಲ್ಲಿ ಟೆಕ್ಸಾಸಿನ ಶಸ್ತ್ರವೈದ್ಯ ಥಾಮಸ್ ಗ್ಲಾಸ್, ಮಂಡಲ ಜಾತಿಯ ಹಾವು ಕಡಿದ ಜಾಗವನ್ನು ಬೇಗನೆ ಕೊಯ್ದು ಶುಚಿಗೊಳಿಸಬೇಕೆಂದು ವಾದಿಸಿದರು. ಅದೇ ಕಾಲದಲ್ಲಿ ಫಿಂಡ್ಲೆ ರಸೆಲ್ 550 ರೋಗಿಗಳ ಅನುಭವ ಮುಂದಿಟ್ಟು ಪ್ರತಿವಿಷದ ಪರ ನಿಂತರು. 2004ರಲ್ಲಿ ಹಂದಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸ್ನಾಯುಪೊರೆ ಸೀಳುವ ಫ್ಯಾಸಿಯೊಟಮಿಯಿಂದ ಸ್ನಾಯುವಿನ ಕೊಳೆತ ಹೆಚ್ಚಾದದ್ದು ಕಂಡುಬಂತು. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಫ್ಯಾಸಿಯೊಟಮಿಗೆ ಮೂರು ಷರತ್ತು ಹಾಕುತ್ತದೆ: ರಕ್ತ ಹೆಪ್ಪುಗಟ್ಟುವ ಶಕ್ತಿ ಮರಳಿರಬೇಕು, ಸ್ನಾಯುಪೊರೆಯೊಳಗೆ ಒತ್ತಡ ಏರಿದ ಲಕ್ಷಣಗಳಿರಬೇಕು, ಒಳಗಿನ ಒತ್ತಡವನ್ನು ಅಳೆದಾಗ 40 ಮಿ.ಮೀ. ಪಾದರಸ ಮೀರಿರಬೇಕು.

ಒತ್ತಡ ಅಳೆಯುವ ಸೂಜಿಯಂತ್ರ, ಗಾಯಕ್ಕೆ ನಿರ್ವಾತದ ಡ್ರೆಸ್ಸಿಂಗ್, ಡಯಾಲಿಸಿಸ್ ಇವೆಲ್ಲ ದೊಡ್ಡ ಆಸ್ಪತ್ರೆಯ ನಿಜವಾದ ಗಳಿಕೆಗಳು. ಆದರೆ ಮೊದಲ ಷರತ್ತು ಈಡೇರದೆ ಯಂತ್ರ ತೋರಿಸಿದ ಅಂಕಿ ಶಸ್ತ್ರವೈದ್ಯನಿಗೆ ನೆರವಾಗುವುದಿಲ್ಲ. ಹೆಪ್ಪುಗಟ್ಟದ ರಕ್ತವಿರುವ ಕಾಲನ್ನು ಸೀಳಿದರೆ ರಕ್ತಸ್ರಾವ ನಿಲ್ಲಿಸುವುದೇ ಕಷ್ಟ. ಪ್ರತಿವಿಷ ಕೊಟ್ಟ ಮೇಲೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ಆ ಆರು ಗಂಟೆಯ ಎಣಿಕೆ ದೇವದುರ್ಗದಲ್ಲೇ ಶುರುವಾಗುತ್ತದೋ ರಾಯಚೂರಿಗೆ ಬಂದ ಮೇಲೋ ಎಂಬುದರ ಮೇಲೆ ಕಾಲಿನ ಗತಿ ನಿಂತಿದೆ.

ಪರೀಕ್ಷೆ ಸರಳ. ಸುಮಾರು ಎರಡು ಮಿ.ಲೀ. ರಕ್ತವನ್ನು ಹೊಸ, ಒಣ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುವುದು. ರಕ್ತ ನೀರಿನಂತೆ ಹರಿದರೆ ವಿಷ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆ ನಡೆಯದು. ಸೋಪಿನ ಪುಡಿಯಲ್ಲಿ ತೊಳೆದದ್ದೂ ನಡೆಯದು, ಉಳಿದ ಸೋಪು ರಕ್ತ ಹೆಪ್ಪಾಗದಂತೆ ತಡೆದು ಸುಳ್ಳು ಹೇಳಿಸುತ್ತದೆ. ಹೊತ್ತಿಗೆ ಮೊದಲೇ ನಳಿಕೆ ಎತ್ತಿ ನೋಡಿದರೂ ಫಲಿತಾಂಶ ಕೆಡುತ್ತದೆ.

ಇಸ್ಬಿಸ್ಟರ್ ತಂಡಕ್ಕೆ ಈ ಪರೀಕ್ಷೆ ಕೊಳಕುಮಂಡಲದ ಕಡಿತದಲ್ಲಿ ಶೇ. 40ರಷ್ಟು ಪ್ರಕರಣಗಳನ್ನು ಮಾತ್ರ ಹಿಡಿದುಕೊಟ್ಟಿತು. ಅದೇ ದ್ವೀಪದಲ್ಲಿ, ಅದೇ ಹಾವಿನ ಕಡಿತದಲ್ಲಿ, ವಿಧಾನವನ್ನು ಕಟ್ಟುನಿಟ್ಟುಗೊಳಿಸಿ ರತ್ನಾಯಕೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಪ್ರಮಾಣ ಶೇ. 80ರ ಆಸುಪಾಸಿಗೆ ಏರಿತು. ಹಾವು ಬದಲಾಗಲಿಲ್ಲ. ಬದಲಾದದ್ದು ಮುಖ್ಯವಾಗಿ ಪರೀಕ್ಷೆ ಮಾಡುವ ಕ್ರಮ. ಹಾಗಾಗಿ 2013ರ ಅಂಕಿ ಪರೀಕ್ಷೆಯ ಮಿತಿಗಿಂತ ಹೆಚ್ಚಾಗಿ ತರಬೇತಿಯ ಕೊರತೆಯನ್ನು ತೋರಿಸುತ್ತದೆ ಎಂಬುದು ನನ್ನ ಓದು.

ಈ ಓದಿಗೆ ಮಿತಿಗಳಿವೆ. ಎರಡು ಅಧ್ಯಯನಗಳ ರೋಗಿಗಳು ಬೇರೆ ಬೇರೆ. ವ್ಯತ್ಯಾಸವನ್ನೆಲ್ಲ ತರಬೇತಿಯ ಲೆಕ್ಕಕ್ಕೆ ಹಾಕಲಾಗದು. ಐವರಲ್ಲಿ ಒಬ್ಬರು ತಪ್ಪಿಹೋಗುವ ಪರೀಕ್ಷೆಯನ್ನು ಒಂದೇ ಸಲ ಮಾಡಿ ಬಿಡುವಂತಿಲ್ಲ. ಭಾರತದ ಚಿಕಿತ್ಸಾಕ್ರಮ ಅದನ್ನು ಮತ್ತೆ ಮತ್ತೆ ಮಾಡಿರೆನ್ನುವುದು ಇದಕ್ಕೇ. ನಾಗರಹಾವಿನ ಕಡಿತದಲ್ಲಿ ಹೆಪ್ಪು ಕೆಡದೆಯೇ ಊತ, ಕೊಳೆತ ಬರಬಹುದು. ಕಟ್ಟುಹಾವು ಊತವಿಲ್ಲದೆ ಉಸಿರು ನಿಲ್ಲಿಸಬಹುದು. ಅಲ್ಲಿ ನಳಿಕೆ ನೆರವಿಗೆ ಬಾರದು. ಒಸಡಿನಲ್ಲಿ ರಕ್ತ, ಜೋತುಬಿದ್ದ ಕಣ್ಣೆವೆ, ಏರುತ್ತಿರುವ ಊತ ಕಂಡರೆ ನಳಿಕೆಗೆ ಕಾಯದೆ ಪ್ರತಿವಿಷ ಕೊಡಬೇಕು.

ಹೊತ್ತು ಹಾಳಾಗುತ್ತದೆಂಬ ಆಕ್ಷೇಪಕ್ಕೂ ಉತ್ತರವಿದೆ. ಅಲುಗಾಡಬಾರದ ನಳಿಕೆಯನ್ನು ಆಂಬುಲೆನ್ಸಿನಲ್ಲಿ ಒಯ್ಯಲಾಗದು, ನಳಿಕೆಗಾಗಿ ಆಂಬುಲೆನ್ಸನ್ನು ತಡೆಯಲೂಬಾರದು. ಸ್ಟಾಫ್ ನರ್ಸ್ ರಕ್ತ ತೆಗೆದು ಮೇಜಿನ ಮೇಲಿಡಲಿ. ಆ ಹೊತ್ತಿನಲ್ಲೇ ಡ್ರಿಪ್ ಹಾಕಿ, ಪ್ರತಿವಿಷದ ಅಲರ್ಜಿಗೆ ಅಡ್ರಿನಲಿನ್ ಸಿದ್ಧಮಾಡಲಿ. 108 ಮೊದಲೇ ಬಂದರೆ ರೋಗಿ ಹೊರಡಲಿ, ಫಲಿತಾಂಶ ಫೋನಿನಲ್ಲಿ ಹಿಂಬಾಲಿಸಲಿ. ಊರಿನಲ್ಲಿ ಆಶಾ ಕಾರ್ಯಕರ್ತೆಗೆ ಕಲಿಸಬೇಕಾದದ್ದು ಇನ್ನೂ ಕಡಿಮೆ: ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಕೈಕಾಲು ಅಲುಗದಂತೆ ಹಲಗೆ ಕಟ್ಟಿ ಕಳಿಸಿ. ಹಗ್ಗದ ಕಟ್ಟು ತರುವ ಊತವೇ ಎಷ್ಟೋ ಸಲ ಶಸ್ತ್ರವೈದ್ಯನನ್ನು ದಾರಿ ತಪ್ಪಿಸುತ್ತದೆ.

ಎರಡು ಪ್ರಶ್ನೆಗಳು ಇತ್ಯರ್ಥವಾಗದೆ ಉಳಿಯುತ್ತವೆ. ಶ್ರೀಲಂಕಾದ ಕೊಳಕುಮಂಡಲದ ಮೇಲಿನ ಅಂಕಿ ಬಯಲುಸೀಮೆಯ ಗರಗಸ ಮಂಡಲಕ್ಕೆ ಎಷ್ಟು ಅನ್ವಯ? ಬಹುಪಾಲು ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾಗುವ ಪ್ರತಿವಿಷ ಇಲ್ಲಿ ಎಷ್ಟು ಬೇಗ ಹೆಪ್ಪನ್ನು ಮರಳಿಸುತ್ತದೆ? ಪ್ರದೇಶದಿಂದ ಪ್ರದೇಶಕ್ಕೆ ವಿಷ ಬದಲಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸಿರುವುದರಿಂದ ಇವು ಬರೀ ಪುಸ್ತಕದ ಪ್ರಶ್ನೆಗಳಲ್ಲ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದಿರುವ ಹೋರಾಟ ನ್ಯಾಯವಾದದ್ದು. ಅದರ ದಾರಿ ಕಾಯುತ್ತಲೇ ಮಾಡಬಹುದಾದ ಕೆಲಸವೊಂದಿದೆ. ಹಾವು ಕಡಿತವನ್ನು ವರದಿ ಮಾಡುವುದು ಈಗ ಕಡ್ಡಾಯ. ಆ ವರದಿಯಲ್ಲಿ ಕಡಿದ ಹೊತ್ತು, ನಳಿಕೆಯ ಫಲಿತಾಂಶ, ಮೊದಲ ಪ್ರತಿವಿಷ ಕೊಟ್ಟ ಹೊತ್ತು ಈ ಮೂರನ್ನೂ ತಪ್ಪದೆ ಬರೆಸಿ, ದೇವದುರ್ಗ ಮತ್ತು ಮಾನ್ವಿಯ ಪ್ರತಿ ಆರೋಗ್ಯ ಕೇಂದ್ರಕ್ಕೂ ಹೊಸ ಗಾಜಿನ ನಳಿಕೆ ಒದಗಿಸಿ, ಸಿಬ್ಬಂದಿಗೆ ತರಬೇತಿ ಕೊಡುವಂತೆ ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಈ ಲೇಖನದ ವಾದ ಸರಿಯೋ ತಪ್ಪೋ ಎಂಬುದನ್ನು ಆ ದಾಖಲೆಗಳೇ ನಿರ್ಣಯಿಸಲಿ.