ಭೂಗರ್ಭಕ್ಕಿಳಿದ ಉಪಕರಣದ ನೆಲೆ: ಬಾವಿ ಕೊರೆಯುವ ವಿದ್ಯೆಯಲ್ಲಿ ಅನುಮಾನ ಪ್ರಮಾಣದ ಚರಿತ್ರೆ

೧

ಕಣ್ಣಿಗೆ ಕಾಣದ ವಸ್ತುವನ್ನು ಅದರ ಲಿಂಗದಿಂದ, ಎಂದರೆ ಗುರುತಿನಿಂದ, ತಿಳಿಯುವುದಕ್ಕೆ ತಾರ್ಕಿಕರು ಅನುಮಾನವೆಂದು ಹೆಸರಿಟ್ಟಿರುವುದು ವಿದಿತವಾಗಿಯೇ ಇದೆ. ಈ ಪ್ರಮಾಣವನ್ನೇ ನೆಚ್ಚಿಕೊಂಡು ಬೆಳೆದ ಕಸಬುಗಳಲ್ಲಿ ಆಳವಾದ ಬಾವಿ ಕೊರೆಯುವುದೂ ಒಂದು. ಗೇಣಗಲದ ರಂಧ್ರ, ಸಾವಿರಾರು ಮೀಟರುಗಳ ಆಳ, ತುಂಬ ಕೆಸರುನೀರು. ಅದರೊಳಕ್ಕೆ ಇಳಿಬಿಟ್ಟ ಉಕ್ಕಿನ ಉಪಕರಣವು ಎಲ್ಲಿದೆಯೆಂಬುದನ್ನು ನೋಡಿ ಹೇಳಬಲ್ಲವರಿಲ್ಲ. ತಳದ ಕಾವು ಮತ್ತು ಒತ್ತಡಗಳಿಗೆ ಸೂಕ್ಷ್ಮವಾದ ಸ್ಥಾನಸೂಚಕಗಳು ಬಹುಕಾಲ ಬಾಳಲಾರವು. ಆದರೂ ಎರಡು ಮಾರು ಹೆಚ್ಚುಕಡಮೆಯಾದರೆ ತಿಂಗಳುಗಳ ದುಡಿಮೆ ಹಾಳಾಗಬಹುದು; ತೈಲದ ಬದಲು ಉಪ್ಪುನೀರು ನುಗ್ಗಬಹುದು. ವಿದ್ಯುದುಪಕರಣಗಳು ಬಂದು ಈ ಕತ್ತಲೆಯನ್ನು ಕಳೆದುವೆಂದು ಸಾಮಾನ್ಯವಾಗಿ ಹೇಳುವುದುಂಟು. ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದು ತಿಳಿದುಬರುತ್ತದೆ.

೨

ಅತ್ಯಂತ ಹಳೆಯ ಲಿಂಗವು ಹಗ್ಗವೇ. ಚೀನದ ಸಿಚುವಾನ್ ಪ್ರಾಂತದ ಜಿಗಾಂಗಿನಲ್ಲಿ ಉಪ್ಪುನೀರಿಗಾಗಿ ಕೊರೆದ ಷೆನ್‌ಹಾಯ್ ಬಾವಿಯು ಕ್ರಿ. ಶ. ೧೮೩೫ರಲ್ಲಿ ೧,೦೦೧ ಮೀಟರುಗಳ ಆಳವನ್ನು ಮುಟ್ಟಿತು. ಬಿದಿರಿನ ಸೀಳುಗಳ ಹಗ್ಗಕ್ಕೆ ಕಬ್ಬಿಣದ ಉಳಿಯನ್ನು ಕಟ್ಟಿ, ಸನ್ನೆಮರವನ್ನು ತುಳಿದು, ಎತ್ತಿ ಬೀಳಿಸುವುದು ಅಲ್ಲಿಯ ಕ್ರಮ. ಅಮೆರಿಕದ ಟೈಟಸ್‌ವಿಲ್ಲಿನಲ್ಲಿ ೧೮೫೯ರ ಆಗಸ್ಟಿನಲ್ಲಿ ಡ್ರೇಕನು ೬೯ ಅಡಿ ೬ ಅಂಗುಲಗಳ ಆಳದಲ್ಲಿ ತೈಲವನ್ನು ಕಂಡಾಗಲೂ ಇದೇ ತತ್ತ್ವವು ಉಗಿಯಂತ್ರದೊಡನೆ ಕೂಡಿ ನಡೆದಿತ್ತು. ಇಂಥ ಬಾವಿಗಳಲ್ಲಿ ಕೊರೆಯುವವನು ಹಗ್ಗದ ಮೇಲೆ ಕೈಯಿಟ್ಟು, ಉಳಿಯು ತಳವನ್ನು ಮುಟ್ಟಿತೋ ನಡುವೆ ತೂಗಾಡುತ್ತಿದೆಯೋ ಎಂಬುದನ್ನು ಅದರ ಅದುರಿನಿಂದ ನಿರ್ಣಯಿಸುತ್ತಿದ್ದನು. ಆಳವನ್ನು ಹೇಳುತ್ತಿದ್ದುದು ಹಗ್ಗದ ಉದ್ದ. ತಳವನ್ನು ಹೇಳುತ್ತಿದ್ದುದು ಅಂಗೈ.

ಕನ್ನಡನಾಡಿಗೂ ಈ ನ್ಯಾಯವು ಅಪರಿಚಿತವಲ್ಲ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ೩ ಕಿಲೋಮೀಟರುಗಳಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದುವು. ಅಂಥ ಆಳದ ಗಣಿಗಳಲ್ಲಿ ಪಂಜರವು ಎಲ್ಲಿದೆಯೆಂಬುದನ್ನು ಮೇಲಿನ ಯಂತ್ರಗೃಹದಲ್ಲಿರುವವನು ಹಗ್ಗ ಸುತ್ತುವ ಉರುಳೆಯ ಸುತ್ತುಗಳಿಂದ ಚಲಿಸುವ ಸೂಚಿಯನ್ನು ನೋಡಿ ತಿಳಿಯುತ್ತಾನೆ.

ಆದರೆ ಈ ಅನುಮಾನಕ್ಕೆ ಒಂದು ಉಪಾಧಿಯುಂಟು. ಹಗ್ಗವು ತನ್ನ ಭಾರಕ್ಕೆ ತಾನೇ ಹಿಗ್ಗುತ್ತದೆ. ಅಳೆದ ಉದ್ದವೂ ಇಳಿದ ಉದ್ದವೂ ಒಂದೇ ಎಂಬ ವ್ಯಾಪ್ತಿಯು ಅಲ್ಲಿ ಕೆಡುತ್ತದೆ. ಉಕ್ಕಿನ ತಂತಿಯ ಕಾಲದಲ್ಲಿ, ಗೊತ್ತಾದ ಬಿಗಿಯಲ್ಲಿ ಅದನ್ನು ಎಳೆದು, ೧೦೦ ಅಡಿಗೊಂದರಂತೆ ಅಯಸ್ಕಾಂತದ ಗುರುತುಗಳನ್ನು ಹಾಕುವ ಪದ್ಧತಿಯು ಈ ದೋಷದ ಪರಿಹಾರಕ್ಕಾಗಿಯೇ ಹುಟ್ಟಿತು.

೩

ಎರಡನೆಯ ಲಿಂಗವು ದ್ರವದ ಪರಿಮಾಣ ಮತ್ತು ಒತ್ತಡ. ಬಾವಿಯ ಉಕ್ಕಿನ ಕೊಳವೆಗೂ ಸುತ್ತಣ ಬಂಡೆಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮುಚ್ಚದಿದ್ದರೆ ಒಂದು ಪದರದ ನೀರು ಇನ್ನೊಂದು ಪದರಕ್ಕೆ ಇಳಿಯುತ್ತದೆ. ಕ್ಯಾಲಿಫೋರ್ನಿಯದಲ್ಲಿ ೧೯೧೦ರಲ್ಲಿ ಪರ್ಕಿನ್ಸ್ ಎಂಬಾತನು ಬಳಕೆಗೆ ತಂದ ಕ್ರಮದಲ್ಲಿ ಸಿಮೆಂಟಿನ ರಾಡಿಯು ಎರಡು ಬಿರಡೆಗಳ ನಡುವೆ ಕೊಳವೆಯೊಳಗೆ ಇಳಿಯುತ್ತಿತ್ತು. ಬಿರಡೆಗೆ ಯಾವ ತಂತಿಯ ಸಂಬಂಧವೂ ಇಲ್ಲ. ಮೇಲಿನ ಬಿರಡೆಯು ತಳದಲ್ಲಿ ಕುಳಿತೊಡನೆ ದ್ರವಕ್ಕೆ ದಾರಿ ಕಟ್ಟಿ, ನೆಲದ ಮೇಲಿನ ಪಂಪಿನ ಒತ್ತಡವು ಏರುತ್ತದೆ. ಕೆಲಸ ನಿಲ್ಲಿಸಲು ಅದೇ ಸಂಜ್ಞೆ. ಪಂಪಿನ ಒಂದೊಂದು ಹೊಡೆತಕ್ಕೆ ಎಷ್ಟು ದ್ರವವೆಂಬುದನ್ನೂ ಕೊಳವೆಯ ಒಳಗಲವನ್ನೂ ಬಲ್ಲವರಿಗೆ, ಬಿರಡೆಯು ನಡುದಾರಿಯಲ್ಲಿ ಎಲ್ಲಿದೆಯೆಂಬುದನ್ನೂ ಲೆಕ್ಕಹಾಕಿ ಹೇಳಲು ಸಾಧ್ಯ. ಲೆಕ್ಕಕ್ಕಿಂತ ಮುಂಚೆಯೇ ಒತ್ತಡವೇರಿದರೆ ಎಲ್ಲಿಯೋ ಅಡಚಣೆಯಿರಬೇಕು, ಇಲ್ಲವೆ ಎಣಿಕೆ ತಪ್ಪಿರಬೇಕು. ಒಂದು ಲಿಂಗವನ್ನು ಇನ್ನೊಂದರಿಂದ ಪರೀಕ್ಷಿಸುವ ಕ್ರಮವು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯದು ಉಕ್ಕಿನ ಹಿಗ್ಗು. ಹಗ್ಗದಲ್ಲಿ ದೋಷವಾಗಿದ್ದ ಗುಣವೇ ಇಲ್ಲಿ ಸಾಧನವಾಯಿತು. ಎಳೆತಕ್ಕೆ ತಕ್ಕಂತೆ ಹಿಗ್ಗು ಎಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೬ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಮುದ್ರಿಸಿ, ೧೬೭೮ರಲ್ಲಿ ಬಿಡಿಸಿ ಹೇಳಿದನು. ಕೊರೆಯುವ ಕೊಳವೆಯು ಬಾವಿಯಲ್ಲಿ ಸಿಕ್ಕಿಕೊಂಡಾಗ, ಎಲ್ಲಿ ಸಿಕ್ಕಿದೆಯೆಂಬುದನ್ನು ಅರಿಯದೆ ಬಿಡಿಸುವುದು ಕಷ್ಟ. ಆಗ ಅದನ್ನು ಮೇಲಿನಿಂದ ಗೊತ್ತಾದ ಬಲದಿಂದ ಎಳೆದು ಎಷ್ಟು ಹಿಗ್ಗಿತೆಂದು ಅಳೆಯುತ್ತಾರೆ. ಉಕ್ಕಿನ ಅಡ್ಡಕೊಯ್ತವು ೩೪ ಚದರ ಸೆಂಟಿಮೀಟರಾಗಿ, ಹೆಚ್ಚಿಸಿದ ಎಳೆತವು ೨೦ ಟನ್ನಾಗಿ, ಹಿಗ್ಗು ೫೦ ಸೆಂಟಿಮೀಟರಾದರೆ, ಸಡಿಲವಾಗಿರುವ ಭಾಗವು ಸುಮಾರು ೧,೮೦೦ ಮೀಟರು. ಅದರ ಕೆಳತುದಿಯೇ ಸಿಕ್ಕಿದ ಸ್ಥಳ. ಬಾವಿಯು ಸೊಟ್ಟಗಿದ್ದು ಕೊಳವೆ ಗೋಡೆಗೆ ಉಜ್ಜಿದರೆ ಹಿಗ್ಗು ಕಡಮೆಯಾಗಿ, ಸಿಕ್ಕಿದ ಸ್ಥಳವು ಇದ್ದುದಕ್ಕಿಂತ ಮೇಲಿರುವಂತೆ ತೋರುತ್ತದೆ. ಇಲ್ಲಿಯೂ ಉಪಾಧಿಯನ್ನು ಅರಿತವನೇ ಜಾಣ.

೪

ಫ್ರಾನ್ಸಿನ ಆಲ್ಸೇಸಿನ ಪೆಷೆಲ್‌ಬ್ರಾನಿನಲ್ಲಿ ೧೯೨೭ರ ಸೆಪ್ಟೆಂಬರ್ ೫ರಂದು ಷ್ಲಂಬರ್ಗರ್ ಸೋದರರ ಕಡೆಯವರು, ಆನ್ರಿ ಡಾಲನ ನೇತೃತ್ವದಲ್ಲಿ, ಬಾವಿಯೊಳಗಿನ ಬಂಡೆಗಳ ವಿದ್ಯುನ್ನಿರೋಧವನ್ನು ಮೀಟರು ಮೀಟರಿಗೂ ನಿಲ್ಲಿಸಿ ಅಳೆದರು. ಇದು ಯುಗಪ್ರವರ್ತಕವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿದ್ಯುತ್ತು ತಿಳಿಸಿದುದು ಪದರದ ಸ್ವಭಾವವನ್ನು. ನೆಲೆಯನ್ನು ತಿಳಿಸಿದುದು ಇಳಿಬಿಟ್ಟ ತಂತಿಯ ಉದ್ದವೇ.

ಕೊಳವೆಯೊಳಗಿನಿಂದ ಗುಂಡು ಹಾರಿಸಿ, ಉಕ್ಕನ್ನೂ ಸಿಮೆಂಟನ್ನೂ ತೂತುಮಾಡಿ ತೈಲಕ್ಕೆ ದಾರಿಬಿಡುವ ಕ್ರಮವು ೧೯೩೨ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆಬೆಲ್ಲೊದಲ್ಲಿ ನಡೆದ ಮೇಲೆ ನೆಲೆಯ ಪ್ರಶ್ನೆಯು ತೀವ್ರವಾಯಿತು. ಕೊಳವೆಯ ಉಕ್ಕು ವಿದ್ಯುತ್ತನ್ನು ತಾನೇ ಹರಿಸುವುದರಿಂದ ಹಳೆಯ ಅಳತೆಯನ್ನು ಅದರೊಳಗೆ ಮತ್ತೆ ತೆಗೆಯುವಂತಿರಲಿಲ್ಲ. ೧೯೩೦ರ ದಶಕದ ಕೊನೆಯಲ್ಲಿ ಬಂದ ಗ್ಯಾಮಾ ಕಿರಣಗಳ ಅಳತೆಯು ಉಕ್ಕಿನ ಮರೆಯಿಂದಲೂ ಪದರಗಳನ್ನು ಗುರುತಿಸಿತು. ಅದರೊಡನೆ ಅಯಸ್ಕಾಂತವೂ ತಂತಿಸುರುಳಿಯೂ ಇರುವ ಸಾಧನವನ್ನು ಇಳಿಸಿದರೆ, ಕೊಳವೆಗಳನ್ನು ಸೇರಿಸುವ ಕೂಡುಬಳೆಗಳ ಬಳಿ ಲೋಹವು ದಪ್ಪವಾಗುವುದರಿಂದ ಸುರುಳಿಯಲ್ಲಿ ಮಿಡಿತವೇಳುತ್ತದೆ. ಕೂಡುಬಳೆಗಳು ನೆಲೆ ತಿಳಿಸಲೆಂದು ಹಾಕಿದವಲ್ಲ. ಕೊಳವೆಗಳನ್ನು ಜೋಡಿಸಲೆಂದು ಹಾಕಿದವು. ಕೊಳವೆಗಳ ಉದ್ದವು ಒಂದರಂತೊಂದಿಲ್ಲದಿರುವುದರಿಂದ, ಬಳೆಗಳ ನಡುವಣ ಅಂತರಗಳ ಸಾಲೇ ಸ್ಥಳದ ಗುರುತಾಗುತ್ತದೆ. ಅಕ್ಷರಗಳಳಿದ ಓಲೆಗರಿಯಲ್ಲಿ ಗಣವಿನ್ಯಾಸದಿಂದ ಪಾದದ ಸ್ಥಾನವನ್ನು ನಿಶ್ಚಯಿಸುವ ಗ್ರಂಥಸಂಪಾದಕರಿಗೆ ಈ ಯುಕ್ತಿಯು ಹೊಸದಾಗಿ ತೋರದು.

೫

ಮೇಲ್ಕಂಡ ಸಂಗತಿಗಳಿಂದ ಸಿದ್ಧವಾಗುವುದೇನೆಂದರೆ, ಹೊಸ ಲಿಂಗವು ಹಳೆಯದನ್ನು ಹೊರದೂಡಲಿಲ್ಲ; ಅದರ ದೋಷವನ್ನು ತಿದ್ದಿತು. ತಂತಿಯ ಉದ್ದವು ಸ್ಥೂಲವಾದ ನೆಲೆಯನ್ನು ಕೊಟ್ಟರೆ, ಪದರವೂ ಬಳೆಯೂ ಅದನ್ನು ಸೂಕ್ಷ್ಮಗೊಳಿಸಿದುವು. ಈಚಿನ ದಶಕಗಳಲ್ಲಿ ಆಳದ ಕವಾಟವು ಎಷ್ಟು ತೆರೆದಿದೆಯೆಂಬುದನ್ನು, ಅದನ್ನು ಚಲಿಸಿದ ಎಣ್ಣೆಯು ಮೇಲಕ್ಕೆ ಮರಳಿದ ಪರಿಮಾಣದಿಂದ ಊಹಿಸುವ ಪದ್ಧತಿಯೂ ಪರ್ಕಿನ್ಸನ ಬಿರಡೆಯ ನ್ಯಾಯವನ್ನೇ ಅನುಸರಿಸಿದೆ. ಉಪಕರಣಗಳ ಚರಿತ್ರೆಯನ್ನು ಮಾತ್ರ ಬರೆದರೆ ಹಗ್ಗದ ಮೇಲೆ ಕೈಯಿಟ್ಟು ನಿಂತವರ ವಿವೇಕವು ಮರೆತುಹೋಗುತ್ತದೆ. ಬಿಗಿ, ಅದುರು, ಒತ್ತಡ, ಹಿಗ್ಗು ಇವುಗಳಲ್ಲಿ ಅರ್ಥವುಂಟೆಂದು ಮೊದಲು ಕಂಡವರು ಅವರೇ. ಹೆಸರುಳಿಯದಿದ್ದರೂ ಈ ವಿದ್ಯೆಯ ಮೊದಲ ಪುಟವು ಅವರಿಗೆ ಸಲ್ಲತಕ್ಕದ್ದು.