ಅಜ್ಜಿಯ ತುಳು, ಅಜ್ಜಿಯ ಸ್ಕ್ಯಾನು

ನಮ್ಮ ಪುತ್ತೂರು ಕಡೆಯವರಿಗೆ ಎಷ್ಟು ಭಾಷೆ ಬರುತ್ತೆ ಅಂತ ಲೆಕ್ಕ ಇಡುವ ಅಭ್ಯಾಸ ಇಲ್ಲ. ನಮ್ಮನೆಯ ಒಳಗೆ ಹವ್ಯಕ, ತೋಟಕ್ಕಿಳಿದರೆ ತುಳು, ಪೇಪರು ಓದೋಕೆ ಕನ್ನಡ. ಪೇಟೆಗೆ ಹೋದರೆ ಬ್ಯಾರಿ, ಕೊಂಕಣಿ ಕಿವಿಗೆ ಬೀಳುತ್ತೆ, ಸುಳ್ಯದ ಕಡೆ ಹೋದರೆ ಅರೆಭಾಷೆ. ನನ್ನ ಅಜ್ಜಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ನನಗೆ ಹವ್ಯಕದಲ್ಲಿ ಬೈಯುತ್ತಿದ್ದವಳು ಅದೇ ಉಸಿರಿನಲ್ಲಿ ಅಂಗಳದಲ್ಲಿದ್ದ ಕೆಲಸದವರಿಗೆ "ಒಣಸ್ ಆಂಡಾ?" ಅಂತ ಕೇಳ್ತಿದ್ದಳು. ಇದೊಂದು ದೊಡ್ಡ ವಿಷಯ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಆ ಅಜ್ಜಿ ಒಂದು ದಿನ ನನ್ನನ್ನೇ ನೋಡಿ "ನೀನು ಆರ ಮಗ?" ಅಂದಳು.

ಮಂಗಳೂರಿಗೆ ಕರಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟ್ರು ಫಿಲ್ಮನ್ನು ಬೆಳಕಿಗೆ ಹಿಡಿದು, ಮಿದುಳು ಸೊರಗಿದೆ, ಇದು ಈಗ ಶುರುವಾದದ್ದಲ್ಲ ಅಂದರು. ನಂಬಲಿಕ್ಕಾಗಲಿಲ್ಲ. ಹಿಂದಿನ ವರ್ಷದವರೆಗೂ ಅಡಿಕೆ ಸುಲಿದವರ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳಲ್ಲ! ಇಷ್ಟು ಸೊರಗಿದ ಮಿದುಳಿನಲ್ಲಿ ಅದು ಹೇಗೆ ಸಾಧ್ಯ? ಬೆಂಗಳೂರಿಗೆ ವಾಪಸ್ ಬಂದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ಓದುತ್ತಾ ಹೋದಾಗ ಸಿಕ್ಕಿದ್ದು ಈ ಕತೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸು ಬಂದಳು. ಹೆಸರು ಬರೆ ಅಂದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಅವಳನ್ನು ನೋಡಿದ ಡಾಕ್ಟರ್ ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಅವಳು ತೀರಿಕೊಂಡಾಗ ಮಿದುಳನ್ನು ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಕಲೆಗಳು, ಒಳಗೆ ಗಂಟುಬಿದ್ದ ಎಳೆಗಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಈ ಬಗ್ಗೆ ಮಾತಾಡಿದರೆ, ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ! 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್‌ಝೈಮರ್ ಹೆಸರಿಟ್ಟರು.

ಆದರೆ ಮಿದುಳನ್ನು ಹೀಗೆ ನೋಡಬೇಕಾದರೆ ಮನುಷ್ಯ ಸಾಯಬೇಕಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ (ನಮ್ಮವರೇ!) ಮಾಡಿದ ಸಿಟಿ ಸ್ಕ್ಯಾನರ್ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಆಮೇಲೆ ಎಂಆರ್‌ಐ ಬಂತು. ಆಲ್‌ಝೈಮರ್ ಕಂಡ ಕಲೆಗಳನ್ನೇ ಬದುಕಿರುವವರ ಮಿದುಳಿನಲ್ಲಿ ತೋರಿಸುವ ಪೆಟ್ ಸ್ಕ್ಯಾನಿನ ವರದಿ ಪ್ರಕಟವಾದದ್ದು 2004ರಲ್ಲಿ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. 2007ರಲ್ಲಿ ಕೆನಡಾದ ಟೊರೊಂಟೊದಲ್ಲಿ ಎಲೆನ್ ಬಿಯಲಿಸ್ಟಾಕ್ ಮತ್ತು ಸಂಗಡಿಗರು 184 ರೋಗಿಗಳ ದಾಖಲೆ ನೋಡಿದರು. ಎರಡು ಭಾಷೆ ಆಡುತ್ತಾ ಬದುಕಿದವರಲ್ಲಿ ಮರೆವಿನ ಲಕ್ಷಣ ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿತ್ತು. 2012ರಲ್ಲಿ ಅದೇ ಊರಿನ ಟಾಮ್ ಶ್ವೈಟ್ಜರ್ ತಂಡ ಒಂದೇ ಮಟ್ಟದ ಮರೆವಿದ್ದ 40 ರೋಗಿಗಳ ಸಿಟಿ ಸ್ಕ್ಯಾನ್ ಹೋಲಿಸಿತು. ಎರಡು ಭಾಷೆಯವರ ಮಿದುಳು ಹೆಚ್ಚು ಸೊರಗಿತ್ತು. ಅಂದರೆ ಹೆಚ್ಚು ಹಾಳಾಗಿದ್ದರೂ ಅಷ್ಟೇ ಕೆಲಸ ನಡೆಸುತ್ತಿತ್ತು!

ಇದಕ್ಕೆ ತಕರಾರೂ ಇತ್ತು. 2007ರ ಅಧ್ಯಯನದ ಎರಡು ಭಾಷೆಯವರು ಬಹುತೇಕ ವಲಸೆ ಬಂದವರು. ವ್ಯತ್ಯಾಸ ಭಾಷೆಯದ್ದೋ ವಲಸೆಯದ್ದೋ? ಉತ್ತರ ಹುಡುಕಿದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಡಾ. ಸುವರ್ಣಾ ಅಲ್ಲಾಡಿ (ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು) ಮತ್ತು ತಂಡ 648 ರೋಗಿಗಳ ದಾಖಲೆ ಪರಿಶೀಲಿಸಿತು. ಅಲ್ಲಿ ತೆಲುಗು, ಉರ್ದು, ಹಿಂದಿ ಎಲ್ಲ ಬೀದಿಯಲ್ಲೇ ಕಲಿಯುವಂಥವು, ವಲಸೆ ಹೋಗಬೇಕಿಲ್ಲ. 2013ರ ಫಲಿತಾಂಶ: ನಾಲ್ಕೂವರೆ ವರ್ಷ ತಡ. ಓದು ಬರಹ ಬಾರದವರಲ್ಲೂ ಈ ಲಾಭ ಕಂಡಿತು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಬೋನಸ್ ಮಾತ್ರ ಇಲ್ಲ. ನಮ್ಮೂರಿನವರಿಗೆ ನಷ್ಟ :)

ನಂತರ ಬಂದ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೆಲವು ಕಡೆ ಲಾಭ ಕಾಣಲಿಲ್ಲ. ಅಂಥ ದೀರ್ಘ ಅಧ್ಯಯನ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲೂ 2018ರಲ್ಲಿ ಶುರುವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸುವ ಗುರಿ, ಪರೀಕ್ಷೆಗಳಲ್ಲಿ ಎಂಆರ್‌ಐ ಕೂಡ ಇದೆ. ಕನ್ನಡ, ತೆಲುಗು ಎರಡೂ ಆಡುವ ಊರುಗಳವು!

ಅಜ್ಜಿಯ ವಿಷಯದಲ್ಲಿ ಭಾಷೆಯೇ ಕಾರಣ ಅಂತ ನಾನು ಹೇಳಲಾರೆ, ಒಬ್ಬರನ್ನು ನೋಡಿ ಹಾಗೆಲ್ಲ ಹೇಳಲಿಕ್ಕಾಗದು. ಆದರೆ ಒಂದು ವಿಷಯ ಚುಚ್ಚುತ್ತೆ. ಮಿದುಳು ಅಷ್ಟು ಚೆನ್ನಾಗಿ ಸುಧಾರಿಸಿಕೊಂಡು ಹೋದರೆ ಹೊರಗಿನವರಿಗೆ ಗೊತ್ತಾಗುವಾಗ ತಡವಾಗಿರುತ್ತೆ. ಕೊನೆಯ ಆ ಒಂದೆರಡು ವರ್ಷ ಅವಳು ಕೇಳಿದ್ದನ್ನೇ ಕೇಳುತ್ತಿದ್ದಳು. ಅರುವತ್ತಕ್ಕೆ ಅರಳು ಮರಳು ಅಂತ ನಾವು ನಗಾಡಿದೆವು. ನಾನೂ ಒಂದು ಸಲ ಫೋನಿನಲ್ಲಿ "ಎಷ್ಟು ಸಲ ಹೇಳೋದು ಅಜ್ಜೀ" ಅಂತ ರೇಗಿದ್ದೆ. ಅವಳು ಸುಮ್ಮನಾಗಿದ್ದಳು.

ನಿಮ್ಮ ಮನೆಯ ಹಿರಿಯರು ಕೇಳಿದ್ದನ್ನೇ ಕೇಳಿದರೆ ಇನ್ನೊಂದು ಸಲ ಉತ್ತರ ಕೊಟ್ಟುಬಿಡಿ. ಆಮೇಲೆ ಒಮ್ಮೆ ಡಾಕ್ಟ್ರ ಹತ್ತಿರ ಕರಕೊಂಡು ಹೋಗಿ.