ಮೂರು ತಿಂಗಳ ಪ್ರತಿಜ್ಞೆ: ಪೂಜ್ಯ ಮ್ಯಾಟ್ ಟಾಲ್ಬೊಟ್



ತಪಸ್ಸುಕಾಲದಲ್ಲಿ ಮನೆ ಭೇಟಿಗೆ ಹೋದಾಗ ಗುರುಗಳಿಗೆ ಕೇಳಿಬರುವ ಮಾತೊಂದಿದೆ: “ಫಾದರ್, ಇನ್ನು ಜನ್ಮದಲ್ಲಿ ಕುಡಿಯುವುದಿಲ್ಲ.” ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಈಸ್ಟರ್ ಕಳೆದು ಮೊದಲ ರೋಸ್ ಸಮಾರಂಭ ಬರುವಷ್ಟರಲ್ಲಿ ಮಾತು ಮುರಿದಿರುತ್ತದೆ, ಅದರೊಂದಿಗೆ ಮನಸ್ಸೂ ಮುರಿದಿರುತ್ತದೆ. ಬೇಡವೆಂದದ್ದನ್ನೇ ಮಾಡುವ ಮನುಷ್ಯನ ಈ ಸಂಕಟವನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ತೋಡಿಕೊಂಡಿದ್ದಾರೆ. ಜನ್ಮಪೂರ್ತಿಯ ಆಣೆಯಿಂದ ಆರಂಭಿಸದೆ, ದಿನದಿನದ ವಿಶ್ವಾಸದಿಂದ ಹಳೆಯ ಚಟವನ್ನು ಗೆದ್ದ ಒಬ್ಬ ಕೂಲಿ ಕಾರ್ಮಿಕರ ಪರಿಚಯ ಇಲ್ಲಿದೆ.

ಮ್ಯಾಟ್ ಟಾಲ್ಬೊಟ್ ಅವರು 1856ರ ಮೇ 2ರಂದು ಐರ್ಲೆಂಡಿನ ಡಬ್ಲಿನ್ ನಗರದ ಬಡ ಕುಟುಂಬದಲ್ಲಿ ಹುಟ್ಟಿದರು. 12ನೇ ವಯಸ್ಸಿಗೆ ಕೆಲಸಕ್ಕೆ ಸೇರಿದ್ದು ಮದ್ಯದ ವ್ಯಾಪಾರಿಗಳ ಬಳಿ. ಹದಿಹರೆಯ ಮುಗಿಯುವ ಮೊದಲೇ ಕುಡಿತ ಅಂಟಿತ್ತು. ಕೂಲಿಯೆಲ್ಲ ಗಡಂಗಿಗೆ ಹೋಗುತ್ತಿತ್ತು. ಸಾಲದಿದ್ದರೆ ಕಾಲಿನ ಬೂಟನ್ನೂ ಒತ್ತೆ ಇಡುತ್ತಿದ್ದರು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನ ಪಿಟೀಲನ್ನೇ ಗೆಳೆಯರೊಂದಿಗೆ ಕದ್ದು ಮಾರಿ ಕುಡಿದರು.

1884ರಲ್ಲಿ, 28ನೇ ವಯಸ್ಸಿನಲ್ಲಿ, ಕೆಲಸವಿಲ್ಲದೆ ಕೈಯಲ್ಲಿ ಕಾಸಿಲ್ಲದ ಒಂದು ಶನಿವಾರ ಗಡಂಗಿನ ಹೊರಗೆ ನಿಂತರು. ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಕರೆಯಬಹುದೆಂಬ ಆಸೆ. ಯಾರೂ ಕರೆಯಲಿಲ್ಲ. ಮನೆಗೆ ಬಂದು ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ತಿಳಿಸಿದರು. ಉಳಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ ಮಾಡಬೇಡ ಎಂದು ತಾಯಿ ಎಚ್ಚರಿಸಿದರು. ಮ್ಯಾಟ್ ಹೋಲಿ ಕ್ರಾಸ್ ಕಾಲೇಜಿಗೆ ಹೋಗಿ, ಗುರುಗಳಲ್ಲಿ ಪಾಪನಿವೇದನೆ ಮಾಡಿ, ಮೂರು ತಿಂಗಳ ಮಟ್ಟಿಗೆ ಪ್ರತಿಜ್ಞೆ ಸ್ವೀಕರಿಸಿದರು. ಅವಧಿ ಮುಗಿದಾಗ ಮುಂದುವರಿಸಿದರು. ಜೀವಾವಧಿಯ ಪ್ರತಿಜ್ಞೆ ಬಂದದ್ದು ಆಮೇಲೆ.

ಆ ಮೂರು ತಿಂಗಳು ಸುಲಭವಾಗಿರಲಿಲ್ಲ. ಪ್ರತಿದಿನ ಮುಂಜಾನೆ 5ರ ಬಲಿಪೂಜೆಗೆ ಹೋಗಿ, ಅಲ್ಲಿಂದ ಕೆಲಸಕ್ಕೆ. ಕಷ್ಟವಿದ್ದುದು ಸಂಜೆಯಲ್ಲಿ. ಗೆಳೆಯರೆಲ್ಲ ಗಡಂಗಿಗೆ ಹೋಗುವ ಹೊತ್ತಿಗೆ ಮ್ಯಾಟ್ ಬೇರೆ ದಾರಿ ಹಿಡಿದು ನಡೆದು ಯಾವುದಾದರೂ ಚರ್ಚಿನೊಳಗೆ ಕುಳಿತಿರುತ್ತಿದ್ದರು. ಒಂದು ದಿನ ಆಸೆ ತಡೆಯಲಾಗದೆ ಗಡಂಗಿನೊಳಕ್ಕೆ ಕಾಲಿಟ್ಟರು. ಜನಜಂಗುಳಿಯಲ್ಲಿ ಯಾರೂ ವಿಚಾರಿಸಲಿಲ್ಲ, ಹೊರಬಂದರು. ಅಂದಿನಿಂದ ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟರು. ನನಗೆ ಇದು ದೊಡ್ಡ ಜಾಣತನವಾಗಿ ಕಾಣುತ್ತದೆ: ಪ್ರಾರ್ಥನೆಯೂ ಬೇಕು, ಜೇಬೂ ಖಾಲಿ ಇರಬೇಕು! ತಂಬಾಕನ್ನೂ ಅವರು ತೊರೆದರು. ಮದ್ಯಕ್ಕಿಂತ ಅದನ್ನು ಬಿಡುವುದೇ ಹೆಚ್ಚು ಕಷ್ಟವಾಯಿತಂತೆ.

ಹಳೆಯ ಸಾಲಗಳನ್ನು ತೀರಿಸಿದರು. ಪಿಟೀಲಿನವನನ್ನು ಬಹಳ ಹುಡುಕಿದರು, ಸಿಗಲಿಲ್ಲ. ಅವನಿಗಾಗಿ ಪೂಜೆ ಅರ್ಪಿಸಲು ಹಣ ಕೊಟ್ಟರು. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದರೂ ಬೈಬಲನ್ನು ನಿಧಾನವಾಗಿ ಓದುತ್ತಿದ್ದರು. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೇ ಸಭೆಗೆ ಸೇರಿದರು. 1925ರ ಜೂನ್ 7, ತ್ರೈಏಕ ದೇವರ ಹಬ್ಬದ ಭಾನುವಾರ, ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡರು. ಆಗಲೇ ಅವರ ಮೈಮೇಲೆ ತಪಸ್ಸಿನ ಸರಪಳಿಗಳಿದ್ದುದು ಲೋಕಕ್ಕೆ ತಿಳಿದದ್ದು. ಜನ ಸರಪಳಿಯನ್ನೇ ಹೆಚ್ಚು ನೆನೆಯುತ್ತಾರೆ. ನಮ್ಮ ಧರ್ಮಕೇಂದ್ರಗಳಿಗೆ ಅದಕ್ಕಿಂತ ಆ ಮೂರು ತಿಂಗಳೇ ಹೆಚ್ಚು ಉಪಯುಕ್ತ. ಪೋಪ್ ಆರನೇ ಪೌಲರು 1975ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಿದರು.

ವಾರ್ಡಿನ ಗುರಿಕಾರರಿಗೆ, ಧರ್ಮಭಗಿನಿಯರಿಗೆ ಒಂದು ಮಾತು. ಹಲವು ವರ್ಷ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮತ್ತೆ ಎಡವಿದವರ ಮನೆಗೆ ಮರುದಿನವೇ ಹೋಗಿ. ಬುದ್ಧಿ ಹೇಳಲಿಕ್ಕಲ್ಲ, ಸಂಜೆ ಜಪಸರದ ಹೊತ್ತಿಗೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿಕ್ಕೆ.